ದೆಹಲಿ–ಟೋಕಿಯೊ: ದೂರ ಎಷ್ಟು, ವಿಮಾನದಲ್ಲಿ ನಿಜವಾಗಿ ಕುಳಿತಿರಬೇಕಾದ ಹೊತ್ತು ಎಷ್ಟು?

ಬೆಳದಿಂಗಳು:

ಎಲ್ಲರಿಗೂ ನಮಸ್ಕಾರ. ಎಪ್ಪತ್ತೆರಡು ವರ್ಷದ ನನ್ನ ತಾಯಿಯವರು ಡಿಸೆಂಬರ್ ಮೊದಲ ವಾರದಲ್ಲಿ ದೆಹಲಿಯಿಂದ ಟೋಕಿಯೊದಲ್ಲಿರುವ ನನ್ನ ತಮ್ಮನ ಮನೆಗೆ ಒಬ್ಬರೇ ಹೊರಟಿದ್ದಾರೆ. ಜನವರಿ ಮಧ್ಯದಲ್ಲಿ ಮರಳುತ್ತಾರೆ. ಅವರಿಗೆ ಮಂಡಿನೋವು ಇದೆ, ದಿನವೂ ಬೆಳಿಗ್ಗೆ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಾರೆ. ಆದ್ದರಿಂದ ಅವರು ನಿಜವಾಗಿ ಎಷ್ಟು ಗಂಟೆ ಕುಳಿತಿರಬೇಕಾಗುತ್ತದೆ ಎಂಬುದು ನನಗೆ ಖಚಿತವಾಗಿ ಗೊತ್ತಾಗಬೇಕಿದೆ.

ಟಿಕೆಟ್ಟಿನ ಪ್ರಕಾರ ಹೋಗುವಾಗ ದೆಹಲಿಯನ್ನು ರಾತ್ರಿ 8 ಗಂಟೆಗೆ ಬಿಟ್ಟು ಮರುದಿನ ಬೆಳಿಗ್ಗೆ 7 ಗಂಟೆಗೆ ಟೋಕಿಯೊ ತಲುಪುತ್ತಾರೆ. ಬರುವಾಗ ಟೋಕಿಯೊದಿಂದ ಬೆಳಿಗ್ಗೆ 11 ಗಂಟೆಗೆ ಹೊರಟು ಅದೇ ದಿನ ಸಂಜೆ 5 ಗಂಟೆಗೆ ದೆಹಲಿಗೆ ಬಂದಿಳಿಯುತ್ತಾರೆ. ಹೋಗಲು ಹನ್ನೊಂದು ಗಂಟೆ, ಬರಲು ಆರೇ ಗಂಟೆ ಎಂದು ಲೆಕ್ಕ ಹಾಕಿ, ಹೋಗುವ ಪ್ರಯಾಣವೇ ಕಷ್ಟದ್ದು ಎಂದು ಅಮ್ಮ ನಿರ್ಧರಿಸಿಬಿಟ್ಟಿದ್ದಾರೆ. ಇದು ಸರಿಯೇ?

ಇನ್ನೊಂದು ಗೊಂದಲವೂ ಇದೆ. ಎರಡು ನಗರಗಳ ನಡುವಿನ ದೂರವನ್ನು ಹುಡುಕಿದರೆ ಒಂದು ಕಡೆ 5,840, ಇನ್ನೊಂದು ಕಡೆ 5,860, ಮತ್ತೊಂದು ಕಡೆ 5,910 ಎಂದಿದೆ. 3,640 ಮತ್ತು 3,164 ಎಂಬ ಅಂಕಿಗಳನ್ನೂ ನೋಡಿದೆ. ಕಳೆದ ವರ್ಷ ಇದೇ ದಾರಿಯಲ್ಲಿ ಹೋಗಿಬಂದ ಪರಿಚಿತರೊಬ್ಬರು, ತಮ್ಮ ಆಸನದ ಮುಂದಿನ ಪರದೆಯಲ್ಲಿ ಕ್ರಮಿಸಿದ ದೂರ 6,300 ಕಿಲೋಮೀಟರ್ ದಾಟಿತ್ತು ಎನ್ನುತ್ತಾರೆ. ಇವುಗಳಲ್ಲಿ ಯಾವುದನ್ನು ನಂಬಬೇಕು?

ಸಂಚಾರಿ:

ನಿಮ್ಮ ತಾಯಿಯವರ ಲೆಕ್ಕ ತಲೆಕೆಳಗಾಗಿದೆ. ಆದರೆ ತಪ್ಪು ಅವರದಲ್ಲ, ಟಿಕೆಟ್ಟಿನಲ್ಲಿ ಸಮಯ ಬರೆಯುವ ಪದ್ಧತಿಯದು. ಹೊರಡುವ ಸಮಯವನ್ನು ಹೊರಡುವ ಊರಿನ ಗಡಿಯಾರದಲ್ಲಿ, ತಲುಪುವ ಸಮಯವನ್ನು ತಲುಪುವ ಊರಿನ ಗಡಿಯಾರದಲ್ಲಿ ಬರೆಯುತ್ತಾರೆ. ಜಪಾನಿನ ಗಡಿಯಾರ ಭಾರತದ ಗಡಿಯಾರಕ್ಕಿಂತ ಮೂರೂವರೆ ಗಂಟೆ ಮುಂದಿದೆ. ಟೋಕಿಯೊದಲ್ಲಿ ಬೆಳಿಗ್ಗೆ 7 ಎಂದರೆ ದೆಹಲಿಯಲ್ಲಿ ನಸುಕಿನ 3:30. ರಾತ್ರಿ 8ರಿಂದ 3:30ರವರೆಗೆ ಎಣಿಸಿದರೆ ಹೋಗುವ ಪ್ರಯಾಣ ಏಳೂವರೆ ಗಂಟೆ. ಮರಳುವಾಗ ಟೋಕಿಯೊದ ಬೆಳಿಗ್ಗೆ 11 ಎಂದರೆ ದೆಹಲಿಯಲ್ಲಿ 7:30. ಅಲ್ಲಿಂದ ಸಂಜೆ 5ರವರೆಗೆ ಒಂಬತ್ತೂವರೆ ಗಂಟೆ.

ಅಂದರೆ ಗಡಿಯಾರ ನೋಡಿದರೆ ಹೋಗುವುದು ದೀರ್ಘ, ಬರುವುದು ಚಿಕ್ಕದು. ಮಂಡಿಗಳ ಪಾಲಿಗೆ ಹೋಗುವುದು ಚಿಕ್ಕದು, ಬರುವುದು ದೀರ್ಘ. ದಯವಿಟ್ಟು ಇದನ್ನು ಅವರಿಗೆ ಮೊದಲೇ ತಿಳಿಸಿ. ಆರು ಗಂಟೆ ಎಂದು ಮನಸ್ಸನ್ನು ಸಿದ್ಧಮಾಡಿಕೊಂಡು ಹತ್ತಿದವರಿಗೆ ಏಳನೆಯ ಗಂಟೆಯ ನಂತರ ಪ್ರತಿ ನಿಮಿಷವೂ ಭಾರವಾಗುತ್ತದೆ. ನಾನು ಎಂಟು ವರ್ಷಗಳಿಂದ ಈ ದಾರಿಯಲ್ಲಿ ಓಡಾಡುತ್ತಿದ್ದೇನೆ, ಇಂಥ ಹಿರಿಯರನ್ನು ಪಕ್ಕದ ಆಸನದಲ್ಲಿ ಹಲವು ಸಲ ಕಂಡಿದ್ದೇನೆ.

ಯುರೋಪಿನಂತೆ ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸುವ ಪದ್ಧತಿ ಈಗ ಭಾರತದಲ್ಲೂ ಇಲ್ಲ, ಜಪಾನಿನಲ್ಲೂ ಇಲ್ಲ. ಆದ್ದರಿಂದ ಈ ಮೂರೂವರೆ ಗಂಟೆಯ ವ್ಯತ್ಯಾಸ ವರ್ಷವಿಡೀ ಬದಲಾಗುವುದಿಲ್ಲ.

ಗಣಿತಪ್ರೀತಿ:

ಅಂಕಿಗಳ ವಿಷಯಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಅವು ಒಂದರೊಡನೊಂದು ಜಗಳವಾಡುತ್ತಿಲ್ಲ. 5,840 ಎಂಬುದು ದೆಹಲಿ ನಗರದ ಮಧ್ಯದಿಂದ ಟೋಕಿಯೊ ನಗರದ ಮಧ್ಯಕ್ಕೆ ಇರುವ ದೂರ. 5,860 ಎಂಬುದು ದೆಹಲಿಯ ಇಂದಿರಾ ಗಾಂಧಿ ವಿಮಾನ ನಿಲ್ದಾಣದಿಂದ ಟೋಕಿಯೊದ ಹನೇಡಾ ನಿಲ್ದಾಣಕ್ಕೆ ಇರುವುದು. 5,910 ಎಂಬುದು ಅದೇ ದೆಹಲಿ ನಿಲ್ದಾಣದಿಂದ ನರಿಟಾ ನಿಲ್ದಾಣಕ್ಕೆ ಇರುವುದು. ನರಿಟಾ ಇನ್ನೂ ಪೂರ್ವಕ್ಕಿದೆ. 3,640 ಎಂಬುದು ಹನೇಡಾದ ದೂರವೇ, ಆದರೆ ಮೈಲಿಗಳಲ್ಲಿ. 3,164 ಕೂಡ ಅದೇ ದೂರ. ವಿಮಾನ ಮತ್ತು ಹಡಗಿನವರು ಬಳಸುವ ನಾಟಿಕಲ್ ಮೈಲಿಯಲ್ಲಿ, ಅಂದರೆ 1.852 ಕಿಲೋಮೀಟರಿಗೆ ಒಂದರಂತೆ. ಅಂಕಿಯ ಪಕ್ಕದಲ್ಲಿ ಅಳತೆಯ ಹೆಸರನ್ನು ಬರೆಯದೆ ಬಿಟ್ಟವರೇ ಈ ಗೊಂದಲಕ್ಕೆ ಕಾರಣ.

ನಿಮ್ಮ ಪರಿಚಿತರು ಹೇಳಿದ 6,300ಕ್ಕೆ ಕಾರಣ ಭೂಮಿ ದುಂಡಗಿರುವುದು ಎಂದು ನನ್ನ ಅಭಿಪ್ರಾಯ. ಗೋಡೆಯ ಮೇಲಿನ ನಕ್ಷೆಯಲ್ಲಿ ನೇರವಾಗಿ ಕಾಣುವ ಗೆರೆ ಗೋಳದ ಮೇಲೆ ನೇರವಲ್ಲವಲ್ಲ.

ಭೂಪಟ:

ಗಣಿತಪ್ರೀತಿಯವರೇ, ಮೊದಲ ಭಾಗವನ್ನು ಬಹಳ ಚೆನ್ನಾಗಿ ಬಿಡಿಸಿ ಹೇಳಿದ್ದೀರಿ. ಕೊನೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ನಿಮ್ಮದೇ ವಿಧಾನದಿಂದ, ಅಂದರೆ ಲೆಕ್ಕದಿಂದಲೇ, ಅದನ್ನು ಪರೀಕ್ಷಿಸೋಣ.

ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿದವನು ನಾನು. ಈ ಪಾಠಕ್ಕೆ ನನ್ನ ಬಳಿ ಇದ್ದ ಸಾಧನವೆಂದರೆ ಮೂವತ್ತು ಸೆಂಟಿಮೀಟರ್ ವ್ಯಾಸದ ಒಂದು ಗೋಳ ಮತ್ತು ಹೊಲಿಗೆಯ ದಾರ. ಆ ಗೋಳದ ಸುತ್ತಳತೆ ಸುಮಾರು 94 ಸೆಂಟಿಮೀಟರ್, ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್; ಹಾಗಾಗಿ ಗೋಳದ ಮೇಲಿನ ಒಂದು ಸೆಂಟಿಮೀಟರ್ ನೆಲದ ಮೇಲಿನ ಸುಮಾರು 425 ಕಿಲೋಮೀಟರಿಗೆ ಸಮ. ದಾರದ ಒಂದು ತುದಿಯನ್ನು ದೆಹಲಿಯ ಮೇಲೆ ಹೆಬ್ಬೆರಳಿನಿಂದ ಒತ್ತಿಹಿಡಿದು, ಇನ್ನೊಂದು ಕೈಯಿಂದ ಟೋಕಿಯೊದವರೆಗೆ ಬಿಗಿಯಾಗಿ ಎಳೆದರೆ, ದಾರ ತಾನಾಗಿಯೇ ಜಾರಿ ಅತ್ಯಂತ ಕಡಿಮೆ ದೂರದ ದಾರಿಯಲ್ಲಿ ನಿಲ್ಲುತ್ತದೆ. ಅಳೆದರೆ ಹದಿಮೂರು ಮುಕ್ಕಾಲು ಸೆಂಟಿಮೀಟರಿಗೆ ಕೂದಲೆಳೆಯಷ್ಟು ಹೆಚ್ಚು. ಅದೇ 5,860. ಇದನ್ನೇ ಮಹಾವೃತ್ತದ ದೂರ ಎನ್ನುತ್ತೇವೆ.

ಆ ದಾರ ಎಲ್ಲಿ ಕುಳಿತಿದೆ ಎಂದು ಬಗ್ಗಿ ನೋಡಿದ ಮಕ್ಕಳಿಗೆ ಪ್ರತಿ ವರ್ಷವೂ ಆಶ್ಚರ್ಯವಾಗುತ್ತಿತ್ತು. ದೆಹಲಿಯಿಂದ ಅದು ಈಶಾನ್ಯಕ್ಕೆ ಏರಿ ಹಿಮಾಲಯವನ್ನು ದಾಟಿ, ಟಿಬೆಟ್ ಪ್ರಸ್ಥಭೂಮಿಯ ಮೇಲೆ ಓರೆಯಾಗಿ ಸಾಗಿ, ಚೀನಾದ ಶಿಆನ್ ನಗರದಿಂದ ವಾಯವ್ಯಕ್ಕೆ ಅರ್ಧ ದಾರಿ ಮುಗಿಸಿ, ಸುಮಾರು 37 ಡಿಗ್ರಿ ಉತ್ತರ ಅಕ್ಷಾಂಶದವರೆಗೂ ಹೋಗಿ, ಕೊರಿಯಾ ಪರ್ಯಾಯ ದ್ವೀಪವನ್ನು ಹಾದು, ಅಲ್ಲಿಂದ ಟೋಕಿಯೊಗೆ ಇಳಿಯುತ್ತದೆ. ಗೋಡೆಯ ನಕ್ಷೆಯ ನೇರಗೆರೆಯಾದರೋ ಇದಕ್ಕಿಂತ ದಕ್ಷಿಣದಲ್ಲಿ ಹಾದುಹೋಗುತ್ತದೆ.

ಈಗ ಮುಖ್ಯ ವಿಷಯ. ದಿಕ್ಸೂಚಿಯ ಕೋನವನ್ನು ಬದಲಿಸದೆ ನಕ್ಷೆಯ ನೇರಗೆರೆಯಲ್ಲೇ ಹಾರಿದರೂ ದೂರ ಸುಮಾರು 5,950 ಕಿಲೋಮೀಟರ್ ಆಗುತ್ತದೆ. ಹೆಚ್ಚುವರಿ ನೂರು ಕಿಲೋಮೀಟರಿಗಿಂತ ಸ್ವಲ್ಪ ಕಡಿಮೆ. ಹಾಗಾದರೆ 6,300ರ ಉಳಿದ ಭಾಗಕ್ಕೆ ಕಾರಣ ಬೇರೆ ಇರಲೇಬೇಕು. ಭೂಮಿಯ ದುಂಡುತನವನ್ನು ಇಲ್ಲಿ ದೂಷಿಸುವಂತಿಲ್ಲ. ನನ್ನ ಊಹೆ ಹಿಮಾಲಯದ ಕಡೆಗೆ ಬೆರಳು ತೋರಿಸುತ್ತದೆ. ವಿಮಾನದ ಕೆಲಸ ಬಲ್ಲವರು ವಿವರಿಸಬೇಕು.

ಗಣಿತಪ್ರೀತಿ:

ಒಪ್ಪಿದೆ, ಸರ್. ಲೆಕ್ಕ ಮಾಡಿ ನೋಡಿದೆ, ನಿಮ್ಮ ಅಂಕಿ ಸರಿಯಾಗಿದೆ. ಲೆಕ್ಕ ಹಾಕದೆಯೇ ಅಭಿಪ್ರಾಯ ಹೇಳಿದ್ದು ನನ್ನ ತಪ್ಪು.

ಮೇಘಮಾರ್ಗ:

ಭೂಪಟ ಸರ್ ಅವರ ಊಹೆ ಸರಿಯಾಗಿದೆ. ನಾನು ಬಹುಕಾಲ ವಿಮಾನಗಳ ಹಾರಾಟ ಯೋಜನೆ ಸಿದ್ಧಪಡಿಸುವ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಯಾವ ದಾರಿ, ಎಷ್ಟು ಎತ್ತರ, ಎಷ್ಟು ಇಂಧನ ಎಂಬುದನ್ನು ಪ್ರತಿ ಹಾರಾಟಕ್ಕೂ ಗಾಳಿಯ ಮುನ್ಸೂಚನೆ ನೋಡಿ ಹೊಸದಾಗಿ ನಿರ್ಧರಿಸುವುದೇ ನಮ್ಮ ಕೆಲಸವಾಗಿತ್ತು. ಅದರ ಆಧಾರದ ಮೇಲೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ವಿಮಾನ ಹಿಮಾಲಯಕ್ಕಿಂತ ಎತ್ತರದಲ್ಲಿ ಹಾರುತ್ತದೆ, ಹಾಗಿದ್ದ ಮೇಲೆ ಅದನ್ನು ಏಕೆ ಸುತ್ತಿ ಹೋಗಬೇಕು ಎಂದು ಹಲವರು ಕೇಳುತ್ತಾರೆ. ಹಾರುವುದು ಕಷ್ಟವಲ್ಲ; ಏನಾದರೂ ಕೆಟ್ಟರೆ ಇಳಿಯುವುದು ಕಷ್ಟ. ಹನ್ನೊಂದು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಒಳಗಿನ ಗಾಳಿಯ ಒತ್ತಡ ಕಳೆದುಹೋದರೆ ಆಸನದ ಮೇಲಿಂದ ಆಮ್ಲಜನಕದ ಮುಖವಾಡಗಳು ಕೆಳಗೆ ಬೀಳುತ್ತವೆ. ಪ್ರಯಾಣಿಕರಿಗೆ ಅವುಗಳಿಂದ ದೊರೆಯುವ ಆಮ್ಲಜನಕ ಸಾಮಾನ್ಯವಾಗಿ ಹನ್ನೆರಡರಿಂದ ಇಪ್ಪತ್ತು ನಿಮಿಷದ ಮಾತು. ಅಷ್ಟರೊಳಗೆ ಮನುಷ್ಯ ಸಹಜವಾಗಿ ಉಸಿರಾಡಬಹುದಾದ ಎತ್ತರಕ್ಕೆ, ಅಂದರೆ ಸುಮಾರು 3,000 ಮೀಟರಿಗೆ, ವಿಮಾನ ಇಳಿಯಬೇಕು. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ಸುಮಾರು 4,500 ಮೀಟರ್. ಅಲ್ಲಿ 3,000 ಮೀಟರಿಗೆ ಇಳಿಯುವುದೆಂದರೆ ನೆಲದೊಳಗೆ ಇಳಿಯುವುದು. ಎರಡು ಎಂಜಿನ್‌ಗಳಲ್ಲಿ ಒಂದು ನಿಂತರೂ ಇದೇ ತೊಂದರೆ: ಉಳಿದ ಒಂದರ ಬಲದಿಂದ ವಿಮಾನ ಸುರಕ್ಷಿತವಾಗಿ ಹಾರುತ್ತದೆ, ಆದರೆ ಅದೇ ಎತ್ತರದಲ್ಲಿ ಅಲ್ಲ. ಮೇಲಾಗಿ ಆ ವಿಸ್ತಾರದಲ್ಲಿ ತುರ್ತಾಗಿ ಇಳಿಯಬಹುದಾದ ನಿಲ್ದಾಣಗಳು ಬಹಳ ವಿರಳ, ಇರುವವೂ ಅತಿ ಎತ್ತರದಲ್ಲಿವೆ. ವಿಶೇಷ ಸಿದ್ಧತೆ ಮಾಡಿಕೊಂಡು ಆ ಭಾಗದಲ್ಲಿ ಹಾರುವ ವಿಮಾನಗಳಿವೆ. ದೆಹಲಿ–ಟೋಕಿಯೊ ದಾರಿಗೆ ಆ ಹೊರೆ ಬೇಕಿಲ್ಲ.

ಹೀಗಾಗಿ ದೆಹಲಿ ಬಿಟ್ಟ ವಿಮಾನ ಈಶಾನ್ಯಕ್ಕೆ ಏರುವ ಬದಲು ಗಂಗಾ ಬಯಲಿನ ಮೇಲೆ ಪೂರ್ವಕ್ಕೆ, ತುಸು ದಕ್ಷಿಣಕ್ಕೂ, ಸಾಗುತ್ತದೆ. ಬಾಂಗ್ಲಾದೇಶ ಮತ್ತು ಮ್ಯಾನ್ಮಾರ್ ಮೇಲಿಂದ ಹಾದು, ಪರ್ವತಸಾಲು ತಗ್ಗಿದ ಕಡೆ ಚೀನಾದ ಯುನ್ನಾನ್ ಪ್ರಾಂತ್ಯದ ಕುನ್ಮಿಂಗ್ ಬಳಿ ಒಳಹೊಕ್ಕು, ಅಲ್ಲಿಂದ ಈಶಾನ್ಯಕ್ಕೆ ತಿರುಗಿ ಶಾಂಘೈ ಕಡೆಯ ಕರಾವಳಿ, ಪೂರ್ವ ಚೀನಾ ಸಮುದ್ರ, ಆಮೇಲೆ ಜಪಾನ್. ಮುಂದಿನ ಪರದೆಯ ನಕ್ಷೆಯಲ್ಲಿ ಕುನ್ಮಿಂಗ್ ಹತ್ತಿರ ಗೆರೆ ಮೊಣಕೈಯಂತೆ ಬಾಗಿರುವುದನ್ನು ನಿಮ್ಮ ಪರಿಚಿತರು ಗಮನಿಸಿರಬಹುದು. ದೆಹಲಿಯಿಂದ ಕುನ್ಮಿಂಗ್‌ಗೆ ಸುಮಾರು 2,590, ಅಲ್ಲಿಂದ ಹನೇಡಾಗೆ ಸುಮಾರು 3,700. ಒಟ್ಟು 6,290 ಕಿಲೋಮೀಟರ್. ಅವರು ಕಂಡ 6,300 ಇದೇ.

ಈ ದಾರಿಗೆ ಹಳೆಯ ನಂಟೂ ಇದೆ. ಎರಡನೆಯ ಮಹಾಯುದ್ಧದಲ್ಲಿ, 1942ರಿಂದ 1945ರವರೆಗೆ, ಅಸ್ಸಾಮಿನ ವಿಮಾನ ನೆಲೆಗಳಿಂದ ಇದೇ ಕುನ್ಮಿಂಗ್‌ಗೆ ಇಂಧನ ಮತ್ತು ಸಾಮಗ್ರಿ ಸಾಗಿಸುತ್ತಿದ್ದರು. ಹಿಮಾಲಯದ ಪೂರ್ವ ತುದಿಯ ಆ ದಾರಿಯನ್ನು ವಿಮಾನ ಚಾಲಕರು ‘ಹಂಪ್’, ಅಂದರೆ ಡುಬ್ಬ, ಎಂದು ಕರೆಯುತ್ತಿದ್ದರು. ಅಲ್ಲಿ ನೂರಾರು ವಿಮಾನಗಳು ನಾಶವಾದವು. ಇಂದು ಊಟದ ತಟ್ಟೆ ತೆರವಾಗುವ ಹೊತ್ತಿಗೆ ನಾವು ಅದೇ ಪ್ರದೇಶವನ್ನು ದಾಟಿರುತ್ತೇವೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಆ ಚಾಲಕರ ಬಗ್ಗೆ ಗೌರವ ಮೂಡುತ್ತದೆ.

ಇನ್ನು ಹೋಗುವ–ಬರುವ ಸಮಯದ ವ್ಯತ್ಯಾಸ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಟೋಕಿಯೊ ವಿಮಾನದಿಂದ ದೂರ ಸರಿಯುತ್ತದೆ ಅಥವಾ ಹತ್ತಿರ ಬರುತ್ತದೆ ಎಂಬ ತಪ್ಪು ನಂಬಿಕೆ ವ್ಯಾಪಕವಾಗಿದೆ. ಭೂಮಿಯೊಡನೆ ಅದರ ವಾಯುಮಂಡಲವೂ ವಿಮಾನವೂ ತಿರುಗುತ್ತಿರುತ್ತವೆ, ಆದ್ದರಿಂದ ನೇರವಾಗಿ ಅದರಿಂದ ಲಾಭನಷ್ಟವಿಲ್ಲ. ವ್ಯತ್ಯಾಸಕ್ಕೆ ಕಾರಣ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊನಲು. ವಿಮಾನಗಳು ಹಾರುವ ಎತ್ತರದಲ್ಲಿಯೇ ಅದು ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಚಳಿಗಾಲದಲ್ಲಿ ಜಪಾನಿನ ಮೇಲೆ ಬೀಸುವ ಜೆಟ್ ಸ್ಟ್ರೀಮ್ ಇಡೀ ಭೂಮಿಯಲ್ಲೇ ಅತ್ಯಂತ ಬಲವಾದವುಗಳಲ್ಲಿ ಒಂದು. ಗಂಟೆಗೆ 300 ಕಿಲೋಮೀಟರ್ ಮೀರುವುದು ಅಲ್ಲಿ ಅಪರೂಪವಲ್ಲ.

ಈ ಗಾಳಿಯನ್ನು ಮೊದಲು ಅಳೆದವರು ಜಪಾನಿನವರೇ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ವಾಸಬುರೊ ಓಯಿಶಿ ಎಂಬ ಹವಾಮಾನ ವಿಜ್ಞಾನಿ 1920ರ ದಶಕದಲ್ಲಿ ಟೋಕಿಯೊದ ಈಶಾನ್ಯಕ್ಕಿರುವ ತಾತೆನೊ ವೀಕ್ಷಣಾಲಯದಿಂದ ಬಲೂನುಗಳನ್ನು ಹಾರಿಬಿಟ್ಟು, ದೂರದರ್ಶಕದಲ್ಲಿ ಅವು ಸರಿಯುವ ವೇಗವನ್ನು ಗಮನಿಸಿ ಇದನ್ನು ಕಂಡುಕೊಂಡರು. ಜಗತ್ತಿನವರೆಲ್ಲ ಓದಲಿ ಎಂದು ತಮ್ಮ ವರದಿಯನ್ನು 1926ರಲ್ಲಿ ಎಸ್ಪೆರಾಂಟೊ ಎಂಬ, ಎಲ್ಲ ದೇಶದವರಿಗೂ ಸಾಮಾನ್ಯವಾಗಲೆಂದು ರೂಪಿಸಿದ ಕೃತಕ ಭಾಷೆಯಲ್ಲಿ ಪ್ರಕಟಿಸಿದರು. ಜಗತ್ತಿನಲ್ಲಿ ಆ ಭಾಷೆ ಓದುವವರು ಕಡಿಮೆಯಿದ್ದುದರಿಂದ ಅದು ಹೆಚ್ಚು ಗಮನ ಸೆಳೆಯಲಿಲ್ಲ. 1944ರಲ್ಲಿ ಅಮೆರಿಕದ ಬಿ–29 ಬಾಂಬರ್‌ಗಳು ಬಹಳ ಎತ್ತರದಲ್ಲಿ ಜಪಾನಿನ ಮೇಲೆ ಹಾರಿದಾಗ, ಈ ಗಾಳಿಗೆ ಸಿಕ್ಕಿ ಅವುಗಳ ಗುರಿಯೇ ತಪ್ಪಿಹೋಗುತ್ತಿತ್ತು.

ಈಗ ಸರಳವಾದ ಒಂದು ಲೆಕ್ಕ. ನಿಂತ ಗಾಳಿಯಲ್ಲಿ ವಿಮಾನದ ವೇಗ ಗಂಟೆಗೆ 900 ಕಿಲೋಮೀಟರ್ ಎಂದೂ, ಡಿಸೆಂಬರಿನಲ್ಲಿ ಇಡೀ ದಾರಿಯ ಸರಾಸರಿ ಗಾಳಿ 150 ಕಿಲೋಮೀಟರ್ ಎಂದೂ ಇಟ್ಟುಕೊಳ್ಳಿ. ಹೋಗುವಾಗ ಗಾಳಿ ಬೆನ್ನ ಹಿಂದಿರುತ್ತದೆ, ವೇಗ 1,050. 6,290 ಕಿಲೋಮೀಟರಿಗೆ ಆರು ಗಂಟೆ. ಬರುವಾಗ ಎದುರುಗಾಳಿ, ವೇಗ 750. ಎಂಟು ಗಂಟೆ ಇಪ್ಪತ್ಮೂರು ನಿಮಿಷ. ಇದಕ್ಕೆ ನಿಲ್ದಾಣದ ಬಾಗಿಲಿನಿಂದ ರನ್‌ವೇವರೆಗೆ ಉರುಳುವುದು, ಸರದಿಯಲ್ಲಿ ಕಾಯುವುದು, ನಿಧಾನವಾಗಿ ಏರುವುದು, ಸುತ್ತುಹಾಕಿ ಇಳಿಯುವುದು ಎಲ್ಲ ಸೇರಿ ಇನ್ನೊಂದು ಗಂಟೆಗೂ ಹೆಚ್ಚು ಕೂಡಿಸಿ. ಟಿಕೆಟ್ಟಿನ ಏಳೂವರೆ ಮತ್ತು ಒಂಬತ್ತೂವರೆ ಹೀಗೆ ಬಂದಿವೆ.

ಬೇಸಿಗೆಯಲ್ಲಿ ಚಿತ್ರ ಬದಲಾಗುತ್ತದೆ. ಚಳಿಗಾಲದಲ್ಲಿ ಹಿಮಾಲಯದ ದಕ್ಷಿಣಕ್ಕೆ, ಉತ್ತರ ಭಾರತದ ನೆತ್ತಿಯ ಮೇಲೆ ಹರಿಯುವ ಈ ಹೊನಲು ಮುಂಗಾರು ಬರುವ ಹೊತ್ತಿಗೆ ಟಿಬೆಟ್ಟಿನ ಉತ್ತರಕ್ಕೆ ಸರಿದುಬಿಡುತ್ತದೆ. ಆಗ ಹೋಗುವ–ಬರುವ ಸಮಯದ ಅಂತರವೂ ಬಹಳಷ್ಟು ಕುಗ್ಗುತ್ತದೆ. ನಿಮ್ಮ ತಾಯಿಯವರು ಹೋಗಿ ಬರುತ್ತಿರುವುದು ಈ ವ್ಯತ್ಯಾಸ ಅತಿ ಹೆಚ್ಚಿರುವ ತಿಂಗಳುಗಳಲ್ಲಿ.

ಗಣಿತಪ್ರೀತಿ:

ಮೇಘಮಾರ್ಗ ಅವರ ಲೆಕ್ಕದಲ್ಲಿ ಒಂದು ಸೂಕ್ಷ್ಮ ಅಡಗಿದೆ. ಹೋಗುವಾಗ ಉಳಿದದ್ದನ್ನೇ ಬರುವಾಗ ಕಳೆದುಕೊಳ್ಳುತ್ತೇವೆ, ಕೊನೆಗೆ ಸರಿಹೋಯಿತು ಎಂದು ಅನ್ನಿಸುತ್ತದೆ. ಆದರೆ ಗಾಳಿಯೇ ಇಲ್ಲದಿದ್ದರೆ ಹೋಗಿಬರಲು 13 ಗಂಟೆ 59 ನಿಮಿಷ ಸಾಕು. ಗಾಳಿ ಇದ್ದಾಗ 14 ಗಂಟೆ 23 ನಿಮಿಷ. ಇಪ್ಪತ್ನಾಲ್ಕು ನಿಮಿಷ ನಷ್ಟವೇ. ನೆರವಾಗುವ ಗಾಳಿಯಲ್ಲಿ ಕಡಿಮೆ ಹೊತ್ತು ಇರುತ್ತೇವೆ, ತಡೆಯುವ ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೇವೆ. ಹೊಳೆಯಲ್ಲಿ ದೋಣಿ ಹುಟ್ಟುಹಾಕುವವರಿಗೆ ಇದು ಹಳೆಯ ವಿಷಯ.

ಹೊಂಬಿಸಿಲು:

ಮಧ್ಯೆ ಪ್ರವೇಶಿಸುತ್ತಿರುವುದಕ್ಕೆ ಕ್ಷಮೆಯಿರಲಿ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದ ಮೇಲೆ ದೆಹಲಿಯಿಂದ ಹೊರಡುವ ಹಲವು ವಿಮಾನಗಳ ಪ್ರಯಾಣ ಉದ್ದವಾಯಿತೆಂದು ಓದಿದ್ದೇನೆ. ಟೋಕಿಯೊ ದಾರಿಗೂ ಅದರಿಂದ ತೊಂದರೆ ಇದೆಯೇ?

ಮೇಘಮಾರ್ಗ:

ಇಲ್ಲ. ಅದು ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ಯುರೋಪ್, ಅಮೆರಿಕ, ಕೊಲ್ಲಿ ದೇಶಗಳ ಹಾರಾಟಗಳಿಗೆ ಸಂಬಂಧಿಸಿದ್ದು. ಟೋಕಿಯೊ ಪೂರ್ವಕ್ಕಿದೆ. ಹಾಗೆಯೇ 2022ರಿಂದ ಜಪಾನಿನ ವಿಮಾನಗಳು ರಷ್ಯಾದ ಮೇಲೆ ಹಾರದಿರುವುದೂ ಟೋಕಿಯೊ–ಯುರೋಪ್ ದಾರಿಯನ್ನು ಉದ್ದ ಮಾಡಿದೆಯೇ ಹೊರತು ಇದನ್ನಲ್ಲ.

ಬೆಳದಿಂಗಳು:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಭೂಪಟ ಸರ್ ಹೇಳಿದಂತೆ ಮನೆಯಲ್ಲಿದ್ದ ಚಿಕ್ಕ ಗೋಳದ ಮೇಲೆ ದಾರ ಹಿಡಿದು ಅಮ್ಮನಿಗೆ ತೋರಿಸಿದೆ. ಆಮೇಲೆ ಕುನ್ಮಿಂಗ್ ಮೇಲೆ ಬೆರಳಿಟ್ಟು ದಾರವನ್ನು ಬಗ್ಗಿಸಿ ಎರಡನೆಯ ಸಲ ಹಿಡಿದೆ. ದಾರ ಸಾಲದೆ ಬಂದಾಗ ಅವರಿಗೆ ವಿಷಯ ತಕ್ಷಣ ಅರ್ಥವಾಯಿತು.

ಇನ್ನೂ ಕೆಲವು ಪ್ರಶ್ನೆಗಳಿವೆ. ಬೆಳಿಗ್ಗೆ 8 ಗಂಟೆಯ ಮಾತ್ರೆಯನ್ನು ಯಾವ ಗಡಿಯಾರದ ಪ್ರಕಾರ ತೆಗೆದುಕೊಳ್ಳಬೇಕು? ಮಂಡಿಯ ದೃಷ್ಟಿಯಿಂದ ಯಾವ ಆಸನ ಒಳ್ಳೆಯದು? ಅವರ ವಿಮಾನ ಇಳಿಯುವುದು ಹನೇಡಾದಲ್ಲಿ. ನರಿಟಾಕ್ಕೂ ಇದಕ್ಕೂ ನಡುವೆ 50 ಕಿಲೋಮೀಟರಿನ ವ್ಯತ್ಯಾಸವಷ್ಟೇ ಇರುವುದಾದರೆ ಆ ಬಗ್ಗೆ ಯೋಚಿಸಬೇಕಾಗಿಲ್ಲ ಅಲ್ಲವೇ?

ಗಣಿತಪ್ರೀತಿ:

ಮಾತ್ರೆಯ ವಿಷಯದಲ್ಲಿ ನಿರ್ಧಾರ ಅವರ ವೈದ್ಯರದೇ ಆಗಿರಲಿ. ವೈದ್ಯರ ಮುಂದೆ ಇಡಬೇಕಾದ ಲೆಕ್ಕವನ್ನಷ್ಟೇ ನಾನು ಕೊಡಬಲ್ಲೆ. ಹೊರಡುವ ದಿನ ದೆಹಲಿಯಲ್ಲಿ ಬೆಳಿಗ್ಗೆ 8ಕ್ಕೆ ನುಂಗಿ, ಮರುದಿನ ಟೋಕಿಯೊದಲ್ಲಿ ಬೆಳಿಗ್ಗೆ 8ಕ್ಕೆ ನುಂಗಿದರೆ ಎರಡು ಮಾತ್ರೆಗಳ ನಡುವಿನ ಅಂತರ ಇಪ್ಪತ್ತೂವರೆ ಗಂಟೆ. ಮರಳುವ ದಿನ ಟೋಕಿಯೊದಲ್ಲಿ 8ಕ್ಕೆ, ಮರುದಿನ ದೆಹಲಿಯಲ್ಲಿ 8ಕ್ಕೆ ಎಂದರೆ ಇಪ್ಪತ್ತೇಳೂವರೆ ಗಂಟೆ. ಈ ಎರಡು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ವೈದ್ಯರಿಗೆ ತೋರಿಸಿ, ಅವರು ಹೇಳಿದ ಸಮಯವನ್ನು ಎರಡೂ ಗಡಿಯಾರಗಳಲ್ಲಿ ಅದೇ ಚೀಟಿಯ ಮೇಲೆ ಬರೆಸಿಕೊಳ್ಳಿ.

ಸಂಚಾರಿ:

ಹನೇಡಾ–ನರಿಟಾ ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಆಕಾಶದಲ್ಲಿ ಐವತ್ತು ಕಿಲೋಮೀಟರ್ ಎಂದರೆ ನಾಲ್ಕು ನಿಮಿಷ. ನೆಲದ ಮೇಲೆ ಕಥೆಯೇ ಬೇರೆ. 1931ರಲ್ಲಿ ಆರಂಭವಾದ ಹನೇಡಾ ಟೋಕಿಯೊ ಕೊಲ್ಲಿಯ ಅಂಚಿನಲ್ಲಿ, ನಗರಕ್ಕೆ ಅಂಟಿಕೊಂಡೇ ಇದೆ. 1978ರಲ್ಲಿ ಆರಂಭವಾದ ನರಿಟಾ ಪಕ್ಕದ ಚಿಬಾ ಪ್ರಾಂತ್ಯದಲ್ಲಿ, ನಗರದ ಮಧ್ಯದಿಂದ ಸುಮಾರು 60 ಕಿಲೋಮೀಟರ್ ಆಚೆ ಇದೆ. ಅಲ್ಲಿಂದ ವೇಗದ ರೈಲಿನಲ್ಲಿ ಟೋಕಿಯೊ ಸ್ಟೇಷನ್ ತಲುಪಲು ಒಂದು ಗಂಟೆ ಬೇಕು.

ಮೂರು ವರ್ಷಗಳ ಹಿಂದೆ ನನ್ನ ಮಾವನವರು ಬಂದಾಗ ನಾನೇ ಈ ತಪ್ಪು ಮಾಡಿದೆ. ಟಿಕೆಟ್ಟಿನಲ್ಲಿ ಟೋಕಿಯೊ ಎಂಬ ಹೆಸರನ್ನಷ್ಟೇ ನೋಡಿ, ನಾನು ಸದಾ ಬಂದಿಳಿಯುವ ಹನೇಡಾಗೆ ಹೋಗಿ ನಿಂತೆ. ಅವರು ನರಿಟಾದಲ್ಲಿ ಇಳಿದಿದ್ದರು. ಅವರ ಕೈಯಲ್ಲಿದ್ದ ಫೋನು ಅಲ್ಲಿ ಕೆಲಸ ಮಾಡುತ್ತಿರಲಿಲ್ಲ. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಹೋಗಿ ಸೇರುವಷ್ಟರಲ್ಲಿ, ಹೊರಬಾಗಿಲಿನ ಎದುರಿನ ಬೆಂಚಿನ ಮೇಲೆ ಸೂಟ್‌ಕೇಸಿನ ಹಿಡಿಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಅವರು ಎರಡು ಗಂಟೆಯಿಂದ ಕುಳಿತಿದ್ದರು. ಬೈಯಲಿಲ್ಲ, ಏನೂ ಅನ್ನಲಿಲ್ಲ. ಇಂದಿಗೂ ಆ ಕೈಗಳು ನನ್ನ ಕಣ್ಣ ಮುಂದೆ ಬರುತ್ತವೆ. ಆದ್ದರಿಂದ ಟಿಕೆಟ್ಟಿನ ಮೇಲೆ ಯಾವ ನಿಲ್ದಾಣವೆಂದು ಸೂಚಿಸುವ ಮೂರಕ್ಷರದ ಸಂಕೇತವನ್ನು ನಿಮ್ಮ ತಮ್ಮನವರಿಗೆ ಓದಿ ಹೇಳಿ, ಯಾವ ಟರ್ಮಿನಲ್ ಎಂಬುದನ್ನೂ ಬರೆದುಕೊಡಿ. ವಿಮಾನ ರಾತ್ರಿ ಹೊರಟು ಮರುದಿನ ಇಳಿಯುವುದರಿಂದ ತಾರೀಖನ್ನೂ ಎರಡು ಸಲ ನೋಡಿಕೊಳ್ಳಲಿ.

ಆಸನದ ವಿಷಯಕ್ಕೆ ಬಂದರೆ, ನಡೆದಾಡುವ ಓಣಿಯ ಪಕ್ಕದ ಆಸನವೇ ಮಂಡಿನೋವಿನವರಿಗೆ ಒಳ್ಳೆಯದು. ಯಾರನ್ನೂ ಎಬ್ಬಿಸದೆ ಎದ್ದು ನಾಲ್ಕು ಹೆಜ್ಜೆ ಓಡಾಡಬಹುದು. ಏಳೂವರೆ, ಒಂಬತ್ತೂವರೆ ಎಂಬುದು ವಿಮಾನದ ಸಮಯವಷ್ಟೇ. ಮನೆಯ ಬಾಗಿಲಿನಿಂದ ಮನೆಯ ಬಾಗಿಲಿಗೆ ಎಣಿಸಿದರೆ, ಮೂರು ಗಂಟೆ ಮೊದಲು ನಿಲ್ದಾಣದಲ್ಲಿರುವುದು, ಇಳಿದ ಮೇಲೆ ವಲಸೆ ತಪಾಸಣೆಯ ಸರದಿ, ಸಾಮಾನು ಎಲ್ಲ ಸೇರಿ ಹೋಗುವಾಗ ಹದಿಮೂರು, ಬರುವಾಗ ಹದಿನೈದು ಗಂಟೆಯ ದಿನ ಎಂದೇ ಭಾವಿಸಿ. ಗಾಲಿಕುರ್ಚಿಯ ನೆರವನ್ನು ಟಿಕೆಟ್ ಮಾಡಿದ ಕಡೆ ಮುಂಚಿತವಾಗಿ ಕೇಳಿಡಿ. ವಿಮಾನದೊಳಗೆ ಕುಳಿತಿರುವುದಕ್ಕಿಂತ ನಿಲ್ದಾಣದೊಳಗಿನ ಉದ್ದದ ನಡಿಗೆಯೇ ಅವರನ್ನು ಹೆಚ್ಚು ದಣಿಸೀತು.

ಮೇಘಮಾರ್ಗ:

ಎರಡು ಮಾತು ಸೇರಿಸುತ್ತೇನೆ. ಹೋಗುವಾಗ ಕೊನೆಯ ಒಂದೂವರೆ ಗಂಟೆಯಲ್ಲಿ, ಅಂದರೆ ಜೆಟ್ ಸ್ಟ್ರೀಮ್ ಬಲವಾಗಿರುವ ಜಪಾನಿನ ಹತ್ತಿರ, ಮೋಡವೇ ಇಲ್ಲದ ತಿಳಿಯಾದ ಆಕಾಶದಲ್ಲೂ ವಿಮಾನ ಕುಲುಕಬಹುದು. ಕುಳಿತಿರುವಾಗಲೆಲ್ಲ ಸೀಟ್ ಬೆಲ್ಟ್ ಕಟ್ಟಿಕೊಂಡಿರಲಿ. ಓಡಾಟವನ್ನು ಪ್ರಯಾಣದ ಮೊದಲ ಭಾಗದಲ್ಲೇ ಮುಗಿಸಿಕೊಳ್ಳುವುದು ಕ್ಷೇಮ. ಜನವರಿಯಲ್ಲಿ ದೆಹಲಿಯ ಮಂಜು ಸಾಮಾನ್ಯವಾಗಿ ತಡರಾತ್ರಿಯಿಂದ ಬೆಳಿಗ್ಗೆಯವರೆಗೆ ದಟ್ಟವಾಗಿರುತ್ತದೆ. ಸಂಜೆ 5ಕ್ಕೆ ಇಳಿಯುವ ವಿಮಾನಕ್ಕೆ ಆ ಆತಂಕ ಕಡಿಮೆ.

ಮರಳುವಾಗ ವಿಮಾನ ಪಶ್ಚಿಮಕ್ಕೆ ಮುಖಮಾಡಿರುವುದರಿಂದ ಹಿಮಾಲಯ ಬಲಬದಿಯಲ್ಲಿರುತ್ತದೆ. ಆಕಾಶ ತಿಳಿಯಾಗಿದ್ದರೆ ಭಾರತದೊಳಗೆ ಬಂದ ಮೇಲೆ ಹಿಮದ ಸಾಲು ಬಹಳ ಹೊತ್ತು ಕಾಣುತ್ತದೆ. ಓಣಿಯ ಪಕ್ಕದ ಆಸನವನ್ನು ಬಲಬದಿಯಲ್ಲೇ ಕೇಳಿ ಪಡೆಯಿರಿ.

ಭೂಪಟ:

ಹೋಗುವಾಗಲಾದರೆ ಫ್ಯೂಜಿ ಪರ್ವತ ಸಾಮಾನ್ಯವಾಗಿ ಎಡಬದಿಗೆ. 3,776 ಮೀಟರ್ ಎತ್ತರದ ಆ ಶಿಖರದ ಮೇಲೆ ಡಿಸೆಂಬರಿನಲ್ಲಿ ಹಿಮವಿರುತ್ತದೆ, ಇಳಿಯುವ ಹೊತ್ತಿಗೆ ಬೆಳಕೂ ಹರಿದಿರುತ್ತದೆ. ಒಂದು ಕೋರಿಕೆ: ತಾಯಿಯವರಿಗೆ ಸಾಧ್ಯವಾದರೆ ಪರದೆಯ ಮೇಲೆ ಕಾಣುವ ವೇಗವನ್ನು ಆಗಾಗ ಬರೆದಿಟ್ಟುಕೊಳ್ಳಲು ಹೇಳಿ. ಪುಸ್ತಕದ ಅಂಕಿಗಿಂತ ಒಬ್ಬರು ಕಣ್ಣಾರೆ ಕಂಡು ಬರೆದ ಅಂಕಿಗೆ ಹೆಚ್ಚು ಬೆಲೆ.

ಬೆಳದಿಂಗಳು:

ಒಂದೂವರೆ ತಿಂಗಳ ನಂತರ ಬರೆಯುತ್ತಿದ್ದೇನೆ. ಅಮ್ಮ ನಿನ್ನೆ ಸಂಜೆ ಕ್ಷೇಮವಾಗಿ ದೆಹಲಿಗೆ ಮರಳಿದರು. ಭೂಪಟ ಸರ್ ಅವರ ಕೋರಿಕೆಯನ್ನು ಅವರು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದರು. ಕೈಚೀಲದಲ್ಲಿದ್ದ ಪುಟ್ಟ ಪುಸ್ತಕದಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದಾರೆ. ಅದನ್ನು ನೋಡಿಕೊಂಡೇ ಇಲ್ಲಿ ದಾಖಲಿಸುತ್ತಿದ್ದೇನೆ.

ಹೋಗುವಾಗ ರಾತ್ರಿ 8:24ಕ್ಕೆ ಚಕ್ರ ನೆಲ ಬಿಟ್ಟಿತು, ಟೋಕಿಯೊ ಸಮಯ ಬೆಳಿಗ್ಗೆ 6:31ಕ್ಕೆ ಚಕ್ರ ನೆಲ ಮುಟ್ಟಿತು. ನಮ್ಮ ಗಡಿಯಾರದಲ್ಲಿ ಅದು 3:01. ಅಂದರೆ ಗಾಳಿಯಲ್ಲಿದ್ದುದು 6 ಗಂಟೆ 37 ನಿಮಿಷ. ಅವರು ಕಂಡ ಗರಿಷ್ಠ ವೇಗ ಗಂಟೆಗೆ 1,126 ಕಿಲೋಮೀಟರ್. ಬರುವಾಗ ಟೋಕಿಯೊ ಸಮಯ 11:28ಕ್ಕೆ ಮೇಲೇರಿ, ಇಲ್ಲಿನ ಸಂಜೆ 4:52ಕ್ಕೆ ಇಳಿದರು. 8 ಗಂಟೆ 54 ನಿಮಿಷ. ಜಪಾನಿನ ಮೇಲೆ ಹಾರುತ್ತಿದ್ದಾಗ ವೇಗ 690ಕ್ಕೆ ಇಳಿದಿತ್ತಂತೆ. ಆ ಅಂಕಿಯ ಕೆಳಗೆ ‘ಎದುರುಗಾಳಿ’ ಎಂದು ಬರೆದು ಎರಡು ಗೆರೆ ಎಳೆದಿದ್ದಾರೆ. ಹೋಗಿದ್ದಕ್ಕಿಂತ ಬಂದದ್ದು 2 ಗಂಟೆ 17 ನಿಮಿಷ ಹೆಚ್ಚು.

ಮಾತ್ರೆಗಳನ್ನು ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟ ಸಮಯಕ್ಕೆ ಸರಿಯಾಗಿ ತೆಗೆದುಕೊಂಡರು. ತಮ್ಮ ಹನೇಡಾದಲ್ಲಿ ಒಂದು ಗಂಟೆ ಮೊದಲೇ ಬಂದು ನಿಂತಿದ್ದನಂತೆ. ಸಂಚಾರಿಯವರು ಬರೆದದ್ದನ್ನು ನಾನು ಅವನಿಗೆ ಕಳುಹಿಸಿದ್ದೆ.

ಮೇಘಮಾರ್ಗ ಅವರಿಗೆ ಅಮ್ಮ ವಿಶೇಷವಾಗಿ ನಮಸ್ಕಾರ ತಿಳಿಸಿದ್ದಾರೆ. ಮರಳುವಾಗ ಬಲಬದಿಯ ಕಿಟಕಿಯ ಪಕ್ಕದಲ್ಲಿದ್ದ ಹುಡುಗಿ ತಾನೇ ಎದ್ದು ಅಮ್ಮನನ್ನು ಅಲ್ಲಿ ಕೂರಿಸಿದಳಂತೆ. ಮಧ್ಯಾಹ್ನ 3:40ರಿಂದ 4:15ರವರೆಗೆ ಹಿಮದ ಸಾಲು ಕಾಣುತ್ತಿತ್ತು ಎಂದು ಪುಸ್ತಕದಲ್ಲಿ ಸಮಯ ಸಹಿತ ಬರೆದಿದ್ದಾರೆ. ಆ ಪುಟದಲ್ಲಿ ವೇಗದ ಅಂಕಿ ಮಾತ್ರ ಇಲ್ಲ. ಆ ಮೂವತ್ತೈದು ನಿಮಿಷ ಪರದೆಯನ್ನು ನೋಡಲು ಮರೆತುಬಿಟ್ಟೆ, ಮೇಷ್ಟ್ರು ಕ್ಷಮಿಸಬೇಕು ಎಂದು ಹೇಳಲು ತಿಳಿಸಿದ್ದಾರೆ.

ಭೂಪಟ:

ಕ್ಷಮೆಯ ಮಾತೇ ಇಲ್ಲ, ತಾಯಿ. ಆ ಪುಸ್ತಕದ ಪುಟಗಳ ಚಿತ್ರ ತೆಗೆದು ಇಲ್ಲಿ ಹಾಕಲು ಸಾಧ್ಯವಾದರೆ ಉಪಕಾರವಾಗುತ್ತದೆ. ನನ್ನ ಮೊಮ್ಮಗಳು ಈ ವರ್ಷ ಎಂಟನೆಯ ತರಗತಿಯಲ್ಲಿದ್ದಾಳೆ, ಅವಳಿಗೆ ಜೆಟ್ ಸ್ಟ್ರೀಮ್ ಬಗ್ಗೆ ಆ ಪುಟಗಳನ್ನು ಇಟ್ಟುಕೊಂಡೇ ಹೇಳಿಕೊಡುತ್ತೇನೆ.